ಮರಳು ದಿಬ್ಬಗಳಲ್ಲಿ ಬೈಸಿಕಲ್ ಪಂದ್ಯ

ಬೈಸಿಕಲ್ಲು ಸಮವಾದ ದಾರಿಯಲ್ಲಿ ಸುಖವಾಗಿ ಸಾಗತಕ್ಕ ವಾಹನವೆಂಬುದು ಎಲ್ಲರೂ ಬಲ್ಲ ಸಂಗತಿ. ದಾರಿಯಲ್ಲಿ ಮರಳು ಸಿಕ್ಕಿದರೆ ಇಳಿದು ತಳ್ಳುತ್ತೇವೆ. ಕೆಸರು ಕಂಡರೆ ಬಳಸಿಕೊಂಡು ಹೋಗುತ್ತೇವೆ. ಹೀಗಿರಲು, ಮರಳನ್ನೂ ಕೆಸರನ್ನೂ ಹುಡುಕಿಕೊಂಡು ಹೋಗಿ, ಅಲ್ಲಿಯೇ ಪಂದ್ಯ ಹೂಡುವ ಜನರೂ ಲೋಕದಲ್ಲಿ ಇರುವರೆಂದರೆ ವಾಚಕರು ನಗಬಹುದು. ನಾವೂ ಮೊದಲು ನಕ್ಕವರೇ. ಬೆಲ್ಜಿಯಂ ದೇಶದ ಪಶ್ಚಿಮ ಫ್ಲಾಂಡರ್ಸ್ ಪ್ರಾಂತದಲ್ಲಿ ಚಳಿಗಾಲದ ಕೆಲವು ದಿನಗಳನ್ನು ಕಳೆದ ಮೇಲೆ ಆ ನಗೆ ನಮ್ಮಲ್ಲಿ ಉಳಿಯಲಿಲ್ಲ.

ಆ ದೇಶದ ಕಡಲ ತೀರದುದ್ದಕ್ಕೂ ದೆ ಪಾನ್ನೆಯಿಂದ ಕ್ನೋಕೆಯವರೆಗೆ ಸುಮಾರು 67 ಕಿಲೋಮೀಟರು ಟ್ರಾಮು ಓಡುತ್ತದೆ. ನಾವು ಅದರಲ್ಲಿ ಕುಳಿತು ಕೊಕ್ಸೈಡೆ ಎಂಬ ಊರಿನಲ್ಲಿ ಇಳಿದೆವು. 12ನೆಯ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಇಲ್ಲಿ ಕಟ್ಟಿದ ದಿಬ್ಬಗಳ ಮಠದ ಅವಶೇಷಗಳನ್ನು ಇಂದಿಗೂ ನೋಡಬಹುದು. ಊರಿನ ಸುತ್ತಲೂ ಮರಳ ದಿಬ್ಬಗಳು. ಅವುಗಳಲ್ಲಿ ಹೋಗ ಬ್ಲೆಕರ್ ಎಂಬುದು ಸುಮಾರು 33 ಮೀಟರು ಎತ್ತರವಾಗಿದ್ದು, ಬೆಲ್ಜಿಯಂ ಕರಾವಳಿಯ ದಿಬ್ಬಗಳಿಗೆಲ್ಲ ಹಿರಿಯದು. ಉತ್ತರ ಸಮುದ್ರದ ಗಾಳಿ ಬೀಸಿದಾಗ ಮರಳು ಮುಖಕ್ಕೆ ಸೂಜಿಯಂತೆ ಚುಚ್ಚುತ್ತದೆ. ಆ ಮರಳನ್ನು ಹಿಡಿದು ನಿಲ್ಲಿಸಿರುವುದು ಒರಟಾದ ಒಂದು ಜಾತಿಯ ಹುಲ್ಲು. ಅದರ ಬೇರು ಸತ್ತರೆ ದಿಬ್ಬವೇ ನಡೆಯತೊಡಗುತ್ತದೆ.

ಸೈಕ್ಲೋಕ್ರಾಸ್ ಎಂದು ಕರೆಯಿಸಿಕೊಳ್ಳುವ ಈ ಆಟ ಹುಟ್ಟಿದುದು ಫ್ರಾನ್ಸಿನಲ್ಲಿ. ಚಳಿಗಾಲದಲ್ಲಿ ಮೈ ಜಡವಾಗದಿರಲೆಂದು ಸವಾರರು ಹೊಲ, ಬೇಲಿ, ಹಳ್ಳಗಳನ್ನು ದಾಟುತ್ತ ಅಭ್ಯಾಸಮಾಡುತ್ತಿದ್ದರಂತೆ. 1902ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. 1950ರಲ್ಲಿ ಪ್ಯಾರಿಸಿನಲ್ಲಿ ನಡೆದ ಮೊದಲ ವಿಶ್ವಪಂದ್ಯವನ್ನು ಗೆದ್ದವನು ಜಾನ್ ರೋಬಿಕ್. ಅವನು 1947ರ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯವನ್ನೂ ಗೆದ್ದಿದ್ದವನು. ಆದರೆ ಈ ಆಟವನ್ನು ಮನೆಮಗುವಿನಂತೆ ಸಾಕಿದವರು ಫ್ಲಾಂಡರ್ಸಿನ ಜನರು. ಕೊಕ್ಸೈಡೆಯ ದಿಬ್ಬಗಳಲ್ಲಿ 1994ರಲ್ಲಿಯೂ 2012ರಲ್ಲಿಯೂ ವಿಶ್ವಪಂದ್ಯಗಳು ನಡೆದುವು. 1994ರಲ್ಲಿ ಗೆದ್ದ ಪೌಲ್ ಹೆರಿಗರ್ಸನ ಹೆಸರನ್ನು ಒಂದು ದಿಬ್ಬಕ್ಕೇ ಇಟ್ಟಿದ್ದಾರೆ. 2012ರಲ್ಲಿ ಗಂಡಸರ ಪಂದ್ಯದ ಮೊದಲ ಏಳು ಸ್ಥಾನಗಳೂ ಬೆಲ್ಜಿಯಂ ದೇಶದವರಿಗೇ ದಕ್ಕಿದುವು.

ಮರಳಿನ ಮೇಲೆ ಬೈಸಿಕಲ್ಲು ಹೇಗೆ ಸಾಗೀತೆಂದು ನಾವು ಕೇಳಿ ತಿಳಿದುಕೊಂಡೆವು. ಟೈರಿನ ಗಾಳಿಯನ್ನು ಬಹಳ ಇಳಿಸಿಬಿಡುವರು; ಅದು ಅಗಲವಾಗಿ ಒತ್ತಿ ನಿಲ್ಲುವುದರಿಂದ ಹೂಳುವುದು ಕಡಮೆ. ಮರಳಿಗೆ ಬರುವ ಮೊದಲೇ ವೇಗವನ್ನು ಕೂಡಿಸಿಕೊಂಡು, ಮೈಯ ಭಾರವನ್ನು ಹಿಂದಕ್ಕೆ ಬಿಟ್ಟು, ಮುಂದಿನ ಚಕ್ರವನ್ನು ಹಗುರ ಮಾಡಬೇಕು. ಹೊಳೆಯ ಮರಳಿನಲ್ಲಿ ಬಂಡಿಯ ಜಾಡು ಬಿದ್ದಂತೆ ಇಲ್ಲಿಯೂ ಜಾಡು ಬೀಳುತ್ತದೆ. ಅದರೊಳಗೆ ಇರುವವನು ಸಾಗುತ್ತಾನೆ. ತಪ್ಪಿದವನು ಇಳಿದು, ಬೈಸಿಕಲ್ಲನ್ನು ಹೆಗಲಿಗೇರಿಸಿ ಓಡುತ್ತಾನೆ. ಇಳಿದು ಓಡುವುದು ಈ ಆಟದಲ್ಲಿ ಅವಮಾನವಲ್ಲ. ಅದೂ ಒಂದು ವಿದ್ಯೆ.

ಕೊಕ್ಸೈಡೆಯಲ್ಲಿ ದಾರಿಯನ್ನು ಪ್ರಕೃತಿಯೇ ಅರ್ಧ ಮಾಡಿಟ್ಟಿದೆ. ಸಮವಾದ ನೆಲದಲ್ಲಿ ಕಠಿನವಾದ ದಾರಿಯನ್ನು ನಿರ್ಮಿಸುವುದು ಹೇಗೆ? ಅದನ್ನು ನಾವು ಕಂಡುದು ಎರಡು ದಿನಗಳ ತರುವಾಯ, ಒಳನಾಡಿನ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿ ಜೇಡಿಮಣ್ಣಿನ ಹುಲ್ಲುಗಾವಲು, ಸಾಲುಮರಗಳು, ನೀರು ನಿಂತ ಕಾಲುವೆಗಳು, ಕೆರೆ ತೋಡಿದಾಗ ಹಾಕಿದ ಒಂದು ಮಣ್ಣಿನ ಗುಡ್ಡೆ; ಇಷ್ಟೇ ಬಂಡವಾಳ. ದಾರಿಯ ಹೊಣೆ ಹೊತ್ತವರು ಯೌವನದಲ್ಲಿ ತಾವೂ ಪಂದ್ಯಗಳಲ್ಲಿ ಓಡಿದ್ದ ಒಬ್ಬ ವೃದ್ಧ ರೈತರು. ಅವರು ಗೂಟಗಳನ್ನೂ ಪಟ್ಟಿಯ ಸುರುಳಿಯನ್ನೂ ಹೊತ್ತು ಮುಂದೆ ನಡೆಯುತ್ತಿದ್ದರೆ ನಾವು ಹಿಂದೆ ನಡೆದೆವು.

ನಿಯಮಗಳು ಬಹಳವಿಲ್ಲ. ಒಂದು ಸುತ್ತು ಎರಡೂವರೆಯಿಂದ ಮೂರೂವರೆ ಕಿಲೋಮೀಟರು ಇರಬೇಕು. ದಾರಿ ಮೂರು ಮೀಟರಿಗಿಂತ ಕಿರಿದಾಗಬಾರದು. ಹತ್ತರಲ್ಲಿ ಒಂಬತ್ತು ಪಾಲು ಸವಾರಿಗೆ ಯೋಗ್ಯವಾಗಿರಬೇಕು. ಅಡ್ಡಹಲಗೆಗಳು 40 ಸೆಂಟಿಮೀಟರಿಗಿಂತ, ಎಂದರೆ ಮೊಳಕ್ಕೆ ಸ್ವಲ್ಪ ಕಡಮೆ ಎತ್ತರಕ್ಕಿಂತ, ಮೇಲೇರಬಾರದು. ಉಳಿದುದೆಲ್ಲ ಮಾಡುವವನ ವಿವೇಕ. ಹೊರಡುವ ಕಡೆ ಉದ್ದವಾದ ನೇರ ದಾರಿಯನ್ನಿಟ್ಟರೆ ಮೊದಲ ತಿರುವಿಗೆ ಬರುವಷ್ಟರಲ್ಲಿ ಗುಂಪು ಸಾಲಾಗುತ್ತದೆ. ಏರಿಗೆ ಮೊದಲು ಇಕ್ಕಟ್ಟಾದ ತಿರುವನ್ನಿಟ್ಟರೆ ವೇಗವೆಲ್ಲ ಅಲ್ಲೇ ಕಳೆದು, ಸಣ್ಣ ಏರೂ ಬೆಟ್ಟವಾಗುತ್ತದೆ. ಒಂದು ಕಷ್ಟದ ತರುವಾಯ ಉಸಿರು ತಿರುಗಿಸಿಕೊಳ್ಳಲು ಸ್ವಲ್ಪ ದಾರಿ ಬಿಡಬೇಕು. ಇಲ್ಲದಿದ್ದರೆ ಬಲಶಾಲಿಯೂ ಬಲಹೀನನೂ ಒಂದೇ ಆಗಿ ತೆವಳುವರು. “ಕಷ್ಟದ ಜಾಗದಲ್ಲಿ ಎರಡು ಉಪಾಯ ಇರಬೇಕು, ಯಾವುದನ್ನು ಹಿಡಿಯಲೆಂದು ಸವಾರ ಯೋಚಿಸಬೇಕು,” ಎಂದರು ಆ ವೃದ್ಧರು.

ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ಹುಡುಗರ ಪಂದ್ಯವೇ ಮೊದಲು. ಊರಿನ ತರುಣರು ಗುಡ್ಡೆಯ ಮೇಲಿಂದ ನೇರವಾಗಿ ಇಳಿದು, ಕಾಲುವೆಯ ಅಂಚಿನಲ್ಲಿ ತಟ್ಟನೆ ತಿರುಗುವಂತೆ ದಾರಿ ಹಾಕಿಸಿದ್ದರು. ನೋಟಕರಿಗೆ ಅದು ರುಚಿಸುವುದೆಂದು ಅವರ ಎಣಿಕೆ. ಪಂದ್ಯಕ್ಕೆ ಮುಂಚೆ ದಾರಿಯನ್ನು ಪರೀಕ್ಷಿಸುತ್ತಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನು ಆ ಇಳಿಜಾರಿನಲ್ಲಿ ಜಾರಿ, ಉರುಳಿ, ಕಾಲುವೆಯ ಅಂಚಿನ ಗೂಟಕ್ಕೆ ತಾಗಿ ನಿಂತನು. ಮೊಣಕೈ ತರಚಿದುದಷ್ಟೆ, ಗೂಟವಿಲ್ಲದಿದ್ದರೆ ನೀರಿನಲ್ಲಿರುತ್ತಿದ್ದನು. ಹುಡುಗನ ತಾಯಿ ಮಾತನಾಡಲಿಲ್ಲ. ಅವನ ಬೈಸಿಕಲ್ಲನ್ನು ಎತ್ತಿ ಹಿಡಿದುಕೊಂಡು ವೃದ್ಧರ ಮುಖವನ್ನೇ ನೋಡಿದಳು.

ವೃದ್ಧರು ಗೂಟವನ್ನು ಕಿತ್ತರು. ದಾರಿ ಸಪ್ಪೆಯಾಗುವುದೆಂದು ತರುಣರು ವಾದಿಸಿದರು. “ಸಪ್ಪೆಯಾಗದು. ಕಷ್ಟ ಬೇರೆ, ಅಪಾಯ ಬೇರೆ. ಇಳಿಯುವ ಕಡೆಯಿಂದಲೇ ಹತ್ತಿಸಿರಿ,” ಎಂದರು ಅವರು. ಗುಡ್ಡೆಯ ಸುತ್ತನ್ನು ತಿರುಗುಮುರುಗು ಮಾಡುವುದಕ್ಕೆ ಅರ್ಧ ಗಂಟೆಯ ಸಮಯವಿತ್ತು. ನಾವೂ ಕೋಟನ್ನು ಬೇಲಿಗೆ ತೂಗುಹಾಕಿ ಗೂಟ ಹೊತ್ತೆವು. ನಮ್ಮ ಕಾಲು ಮೀನಖಂಡದವರೆಗೆ ಕೆಸರಿನಲ್ಲಿ ಹೂತಿತು; ಆ ಜೇಡಿಮಣ್ಣಿನ ಬಲ ನಮಗೆ ಆಗ ತಿಳಿಯಿತು.

ಈಗ ಸವಾರರು ಕಾಲುವೆಯ ಪಕ್ಕದಲ್ಲಿ ಮೆಲ್ಲನೆ ತಿರುಗಿ, ಕಡಿದಾದ ಜಾರುಮಣ್ಣನ್ನು ಏರಬೇಕಾಯಿತು. ಬಿದ್ದವನು ಮಂಡಿಯೂರಿ ಬಿದ್ದನೇ ಹೊರತು ಉರುಳಲಿಲ್ಲ. ಮಧ್ಯಾಹ್ನದ ಹಿರಿಯರ ಪಂದ್ಯದಲ್ಲಿ ಆ ಏರನ್ನು ಕೊನೆಯವರೆಗೆ ಇಳಿಯದೆ ಹತ್ತಿದವರು ಇಬ್ಬರೇ. ಉಳಿದವರೆಲ್ಲ ಹೆಗಲಿಗೇರಿಸಿ ಓಡಿದರು. ನೋಟಕರು ಅಲ್ಲಿಯೇ ಕಿಕ್ಕಿರಿದರು. ತರುಣರು ನಗುತ್ತ ವೃದ್ಧರಿಗೆ ಬಿಸಿ ಸೂಪು ತಂದುಕೊಟ್ಟರು.

ಬೆಳಗಿನ ಪಂದ್ಯದಲ್ಲಿ ಬಿದ್ದಿದ್ದ ಹುಡುಗನು ಎಲ್ಲರಿಗಿಂತ ಕೊನೆಯವನಾಗಿ ಗುರಿ ಮುಟ್ಟಿದನು. ಮೂಗಿನ ತುದಿಯವರೆಗೂ ಕೆಸರು. ಅವನು ಬರುವವರೆಗೂ ವೃದ್ಧರು ಗುಡ್ಡೆಯ ಬಳಿಯಿಂದ ಕದಲಿರಲಿಲ್ಲ. ಏಕೆಂದು ಕೇಳಿದೆವು. “ಮೊದಲನೆಯವನು ಯಾವ ದಾರಿಯಲ್ಲಿಯೂ ಬಂದೇ ಬರುತ್ತಾನೆ. ದಾರಿ ಸರಿಯೋ ಅಲ್ಲವೋ ತಿಳಿಯಬೇಕಾದರೆ ಕೊನೆಯವನನ್ನು ನೋಡಬೇಕು,” ಎಂದರು.

ಸಂಜೆ ಗೂಟಗಳೆಲ್ಲ ಗಾಡಿಗೆ ಏರಿದುವು. ಹುಲ್ಲುಗಾವಲಿನಲ್ಲಿ ಜಾಡುಗಳು ಮಾತ್ರ ಉಳಿದುವು. ನಮ್ಮ ಪಾದರಕ್ಷೆಗಳ ಕೆಸರು ಒಣಗಿ ಉದುರಲು ಮೂರು ದಿನ ಹಿಡಿಯಿತು.