ಸಂಜೆ ಬಸ್ಸಿನ ಲೆಕ್ಕ

ಮೊನ್ನೆ ಫೋನಲ್ಲಿ ಚಿಕ್ಕಮ್ಮ ಕೇಳಿದ್ರು, "ನಿಮ್ಮಲ್ಲಿ ಬಸ್ಸಿಂದು ಎಂತ ಕತೆ ಮಾರಾಯ್ತಿ?" ಅಂತ. ಫೋನಲ್ಲಿ ಹೇಳಿ ಮುಗಿಯೋದಲ್ಲ, ಅದಕ್ಕೇ ಬರೀತಿದೀನಿ.

ಕೊಪ್ಪದ ಸಹಕಾರ ಸಾರಿಗೆ ನಿಮಗೆಲ್ಲ ಗೊತ್ತು. 1991ರಲ್ಲಿ ಬಸ್ಸಿನ ಕೆಲಸಗಾರರೇ ಸೇರ್ಕೊಂಡು ಶುರು ಮಾಡಿದ್ದು. 2020ರಲ್ಲಿ ಅದು ನಿಂತಾಗ ಬಸ್ಸು ಹೋಯ್ತು ಅಂದ್ಕೊಂಡೆ, ಅಷ್ಟೆ. ಹೋಗಿದ್ದು ಬಸ್ಸೊಂದೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಅತ್ತೆಯ ಬಿಪಿ ಮಾತ್ರೆ, ತವರಿಂದ ಬರೋ ಹಲಸಿನ ಹಪ್ಪಳದ ಡಬ್ಬ, ರಿಪೇರಿಗೆ ಕೊಟ್ಟ ಮಿಕ್ಸಿ, ಎಲ್ಲ ಬಸ್ಸಲ್ಲೇ ಬರ್ತಿತ್ತು. ಇದ್ಯಾವುದೂ ಟಿಕೇಟಿನ ಲೆಕ್ಕದಲ್ಲಿ ಇರ್ಲಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಒಳ್ಳೇದೇ, ನಾನೂ ಆಧಾರ್ ಹಿಡ್ಕೊಂಡು ಚಿಕ್ಕಮಗಳೂರಿಗೆ ಹೋಗಿ ಬಂದೆ. ಆದ್ರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕ್ರಾಸಿಗೆ ಬರೋದು ಖಾಸಗಿ ಬಸ್ಸು. ತೋಟದ ಕೆಲಸಕ್ಕೆ ಬರೋಳು ನಕ್ಕೊಂಡು ಅಂದ್ಳು, "ಟಿಕೇಟ್ ಫ್ರೀ ಅಂತೆ ಅಕ್ಕ, ಬಸ್ಸೇ ಇಲ್ವಲ್ಲ!"

ಅವಳ ಮಗಳು ಫಸ್ಟ್ ಪಿಯುಸಿ. ಪೇಟೇಲಿ ಕಾಲೇಜು ಬಿಡೋದು ನಾಲ್ಕಕ್ಕೆ, ಕೊನೇ ಬಸ್ಸು ಹೊರಡೋದು ಮೂರೂಮುಕ್ಕಾಲಿಗೆ. ದಿನಾ ಕೊನೇ ಪೀರಿಯಡ್ ಬಿಟ್ಟು ಓಡಿ ಬರ್ಬೇಕು. ಶೇಕಡ 75 ಹಾಜರಿ ಇಲ್ದಿದ್ರೆ ಪರೀಕ್ಷೆಗೆ ಕೂರ್ಸಲ್ಲ. ಒಂದಿನ ಬಸ್ಸು ತಪ್ಪಿ ಮಳೇಲಿ ಆರು ಕಿಲೋಮೀಟರು ನಡ್ಕೊಂಡು ಬಂತು ಹುಡುಗಿ. "ಓದಿದ್ದು ಸಾಕು, ಕಾಫಿ ಕುಯ್ಲಿಗೆ ಬರ್ಲಿ" ಅಂದ್ಬಿಟ್ಳು ತಾಯಿ. ನನಗೆ ಹೊಟ್ಟೇಲಿ ಕಿವುಚಿದಂಗಾಯ್ತು. ನಾನೂ ಪಿಯುಸಿಗೇ ನಿಂತೋಳಲ್ವ.

ಸಂಘದ ನಾಲ್ಕು ಜನ ಹೋಗಿ, ಬಸ್ಸು ಅರ್ಧ ಗಂಟೆ ತಡ ಮಾಡಿ ಅಂತ ಕೇಳಿದ್ವಿ. ಡ್ರೈವರು ಬೇಜಾರು ಮಾಡ್ಕೊಳ್ದೆ ಕೂರ್ಸಿ ಹೇಳಿದ್ರು. ತಡ ಆದ್ರೆ ಬಾಳೆಹೊನ್ನೂರಲ್ಲಿ ಕೊಪ್ಪದ ಬಸ್ಸು ತಪ್ತದೆ, ಆಸ್ಪತ್ರೆ ಮುಗಿಸಿ ಹೋಗೋ ಬಸುರಿಯರು, ಮುದುಕರು ರಾತ್ರಿ ಅಲ್ಲೇ ಕೂರ್ಬೇಕು ಅಂತ. ನಮಗದು ಹೊಳ್ದೇ ಇರ್ಲಿಲ್ಲ. ನಮ್ಮ ಹುಡುಗೀಗೆ ದಾರಿ ಮಾಡೋಕೆ ಹೋಗಿ ಬೇರೆಯೋರನ್ನ ನಡುದಾರೀಲಿ ಬಿಡ್ತಿದ್ವಿ.

ಬೆಂಗಳೂರಲ್ಲಿರೋ ಮಗನಿಗೆ ಹೇಳಿದೆ. "ಒಂದನ್ನ ಮುಟ್ಟೋ ಮೊದ್ಲು ಅದಕ್ಕೆ ಅಂಟ್ಕೊಂಡಿರೋದನ್ನೆಲ್ಲ ನೋಡೋಕೆ ಸಿಸ್ಟಮ್ಸ್ ಥಿಂಕಿಂಗ್ ಅಂತಾರಮ್ಮ, ಆಫೀಸಲ್ಲಿ ಮೂರು ದಿನ ಟ್ರೈನಿಂಗ್ ಕೊಟ್ರು" ಅಂದ. ಅನ್ನ ಬಾಗಿಸೋ ಹೊತ್ತಿಗೆ ಸಾರು ಕುದೀಬೇಕು, ಅಷ್ಟರಲ್ಲಿ ಎಲೆ ಹಾಕಿರ್ಬೇಕು ಅಂತ ನಮಗೆ ಯಾರು ಟ್ರೈನಿಂಗ್ ಕೊಟ್ರೋ!

ಆಮೇಲೆ ಪ್ರಿನ್ಸಿಪಾಲರ ಹತ್ರ ಹೋದ್ವಿ. ಊಟಕ್ಕೆ ಒಂದು ಗಂಟೆ ಬಿಡ್ತಿದ್ರು, ಅದನ್ನ ಅರ್ಧ ಗಂಟೆ ಮಾಡಿ ಮೂರೂವರೆಗೆ ಬಿಡಿ ಅಂದ್ವಿ. ಟೀಚರುಗಳನ್ನ ಕೇಳಿ ಒಪ್ಕೊಂಡ್ರು. ಊಟ ಗಡಿಬಿಡಿ ಆಗ್ತದೆ ಅಂತ ಪೇಟೆ ಮಕ್ಕಳ ಗೊಣಗಾಟ ಇನ್ನೂ ಇದೆ. ಅದೂ ಸುಳ್ಳಲ್ಲ. ಈ ಹುಡುಗಿ ಮಾತ್ರ ದಿನಾ ಹೋಗ್ತಿದೆ. ಅತ್ತೆಯ ಮಾತ್ರೆ ಚೀಟಿ ಈಗ ಅವಳ ಬ್ಯಾಗಲ್ಲೇ ಹೋಗೋದು.