ಹತ್ತು ಗಂಟೆಯ ಹಾಜರಿ

2024ರ ಜುಲೈ ತಿಂಗಳಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನ ಮನೆಯಲ್ಲಿದ್ದೆ. ಅವನ ಮಗಳಿಗೆ ಆಗ ಹದಿನಾರು ವರ್ಷ. ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ಕಾಲೇಜೊಂದರಲ್ಲಿ ಮೂರು ವಾರಗಳ ಬೇಸಿಗೆ ಶಿಬಿರಕ್ಕೆ ಅವಳು ಹೊರಟಿದ್ದಳು. ಹೈಸ್ಕೂಲು ಮುಗಿಯುವ ಮೊದಲೇ ಮಕ್ಕಳಿಗೆ ಕಾಲೇಜಿನ ಪಾಠದ ರುಚಿಯನ್ನೂ ವಸತಿ ಜೀವನದ ಅನುಭವವನ್ನೂ ಮಾಡಿಕೊಡುವ ಇಂತಹ ಶಿಬಿರಗಳನ್ನು ಅಲ್ಲಿ 'ಪ್ರೀ-ಕಾಲೇಜ್' ಎನ್ನುತ್ತಾರೆ. ಅವಳನ್ನು ಬಿಟ್ಟುಬರಲು ನಾನೂ ಕಾರಿನಲ್ಲಿ ಹೋದೆ. ಮನೆಯವರೆಲ್ಲ ಹಾಸಿಗೆ ಹೊದಿಕೆಗಳನ್ನು ಮೂರನೆಯ ಮಹಡಿಗೆ ಸಾಗಿಸುತ್ತಿದ್ದಾಗ ನಾನು ಕೆಳಗೆ ಬೆಂಚಿನ ಮೇಲೆ ಕುಳಿತು, ಪೋಷಕರಿಗೆಂದು ಕೊಟ್ಟಿದ್ದ ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹನ್ನೊಂದು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವನ ಚಪಲವೆಂದು ಓದುಗರು ಕ್ಷಮಿಸಬೇಕು.

ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಮೇಲ್ವಿಚಾರಕ ಅಥವಾ ಮೇಲ್ವಿಚಾರಕಿ. ಅವರನ್ನು 'ಆರ್.ಎ.' ಎಂದು ಕರೆಯುತ್ತಾರೆ. ಅವರೂ ಕಾಲೇಜಿನ ವಿದ್ಯಾರ್ಥಿಗಳೇ, ವಯಸ್ಸು ಇಪ್ಪತ್ತರ ಆಸುಪಾಸು, ಮಕ್ಕಳ ಓಣಿಯಲ್ಲಿಯೇ ಅವರ ಕೋಣೆ. ಊರೊಳಗೆ ಹೋಗಬೇಕಾದರೆ ಮೂವರು ಜೊತೆಯಾಗಿ, ಸಹಿ ಹಾಕಿ ಹೋಗಬೇಕು. ರಾತ್ರಿ ಹತ್ತಕ್ಕೆ ತಮ್ಮ ಮಹಡಿಯಲ್ಲಿರಬೇಕು, ಹನ್ನೊಂದಕ್ಕೆ ದೀಪ ಆರಬೇಕು. ಜ್ವರದ ಮಾತ್ರೆಯೂ ಸೇರಿ ಎಲ್ಲ ಔಷಧಿಗಳನ್ನೂ ನರ್ಸ್ ಬಳಿ ಕೊಡಬೇಕು. ನಮ್ಮ ಹಾಸ್ಟೆಲಿನಲ್ಲಿ ಬರಹದ ನಿಯಮಗಳು ಗೋಡೆಗೆ ಅಂಟಿಸಿದ ಒಂದು ಹಾಳೆಯಷ್ಟಿದ್ದವು. ಮಿಕ್ಕವು ನನ್ನ ಬಾಯಲ್ಲಿದ್ದವು.

ದೊಡ್ಡವರೊಬ್ಬರು ಮಗುವೊಂದರೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಕೂಡದು ಎಂಬ ನಿಯಮವೂ ಇತ್ತು. ಇದಕ್ಕೊಂದು ಹಿನ್ನೆಲೆಯಿದೆ. 2011ರಲ್ಲಿ ಅದೇ ರಾಜ್ಯದಲ್ಲಿ ವಿಶ್ವವಿದ್ಯಾಲಯವೊಂದರ ಮಾಜಿ ಫುಟ್‌ಬಾಲ್ ತರಬೇತುದಾರನು ಹುಡುಗರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಬಂಧಿತನಾಗಿ, ಮರುವರ್ಷ ಶಿಕ್ಷೆಗೆ ಗುರಿಯಾದ. ಆ ಬಳಿಕ ದೇಶದ ಅನೇಕ ವಿಶ್ವವಿದ್ಯಾಲಯಗಳು ತಮ್ಮ ಆವರಣಕ್ಕೆ ಬರುವ ಅಪ್ರಾಪ್ತ ವಯಸ್ಕರ ರಕ್ಷಣೆಯ ನಿಯಮಗಳನ್ನು ಬಿಗಿಗೊಳಿಸಿದವು. ನಮ್ಮಲ್ಲಿಯೂ 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿತು. ನಾನು ಮಾತ್ರ ಹುಡುಗರನ್ನು ಗದರಿಸಬೇಕಾದಾಗ ಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದವನು. ನಾಲ್ಕು ಜನರೆದುರು ಅವರಿಗೆ ಅವಮಾನವಾಗದಿರಲಿ ಎಂಬುದು ನನ್ನ ಎಣಿಕೆ. ಬಾಗಿಲ ಈಚೆಗಿದ್ದ ಹುಡುಗನಿಗೆ ಹೇಗನ್ನಿಸುತ್ತಿತ್ತೋ ಎಂದು ಯೋಚಿಸಿದ್ದು ಆ ಬೆಂಚಿನ ಮೇಲೆಯೇ ಮೊದಲು.

ಮನೆಯ ನೆನಪಿನಿಂದ ಕೊರಗುವ ಮಕ್ಕಳ ಬಗ್ಗೆ ಒಂದು ಪುಟವಿತ್ತು. "ಇಷ್ಟವಾಗದಿದ್ದರೆ ಬಂದು ಕರೆದುಕೊಂಡು ಹೋಗುತ್ತೇವೆ" ಎಂದು ಮೊದಲೇ ಮಾತು ಕೊಡಬೇಡಿ ಎಂದು ತಂದೆತಾಯಿಗಳಿಗೆ ಅದರಲ್ಲಿ ಸಲಹೆ. ಆದರೆ ಬಿಡುವಿನ ವೇಳೆಯಲ್ಲಿ ಮಗು ಮನೆಯವರೊಡನೆ ಮಾತನಾಡುವುದನ್ನು ಶಿಬಿರದ ಯಾರೂ ತಡೆಯುವಂತಿಲ್ಲ ಎಂದೂ ಬರೆದಿತ್ತು. ಆ ಸಾಲಿನ ಮೇಲೆ ನನ್ನ ಬೆರಳು ಹಾಗೆಯೇ ನಿಂತಿತು.

1991ರ ಬೇಸಿಗೆಯ ಮಾತು. ತುಮಕೂರಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಹಳ್ಳಿಯ ಹುಡುಗರಿಗಾಗಿ ನಲವತ್ತು ದಿನಗಳ ವಸತಿ ತರಗತಿಯೊಂದು ನಡೆಯಿತು. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದ ಮಕ್ಕಳು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಇಂಗ್ಲಿಷಿನ ಹೊಡೆತಕ್ಕೆ ಮುಗ್ಗರಿಸುವುದನ್ನು ನಾವೆಲ್ಲ ಕಂಡಿದ್ದೆವು. ಅದನ್ನು ತಪ್ಪಿಸಬೇಕೆಂಬುದೇ ಉದ್ದೇಶ. (ಅಮೆರಿಕದಲ್ಲಿಯೂ ಬಡ ಕುಟುಂಬಗಳ ಮಕ್ಕಳನ್ನು ಕಾಲೇಜಿಗೆ ಸಜ್ಜುಗೊಳಿಸಲು 1965ರಿಂದ 'ಅಪ್‌ವರ್ಡ್ ಬೌಂಡ್' ಎಂಬ ಸರ್ಕಾರಿ ಯೋಜನೆಯಿದೆ. ಬೇಸಿಗೆಯಲ್ಲಿ ಮಕ್ಕಳನ್ನು ಕಾಲೇಜಿನಲ್ಲಿ ಇರಿಸಿಕೊಂಡು ಕಲಿಸುವುದೂ ಅದರಲ್ಲುಂಟು. ನಮ್ಮ ಹುಡುಗಿ ಹೋದದ್ದು ಅಂತಹದಕ್ಕಲ್ಲ, ಸಾವಿರಾರು ಡಾಲರ್ ಶುಲ್ಕದ ಶಿಬಿರಕ್ಕೆ.) ನಮ್ಮಲ್ಲಿ 62 ಹುಡುಗರು, ರಾತ್ರಿಯ ಹೊಣೆಗೆ ನಾನೊಬ್ಬ.

ಹುಡುಗರು ಮನೆಗೆ ಬರೆದ ಕಾಗದಗಳನ್ನು ಓದಿದ ನಂತರವೇ ಅಂಚೆಗೆ ಹಾಕುವುದು ಆಗಿನ ರೂಢಿ. ಅದನ್ನು ತಪ್ಪೆಂದು ಯಾರೂ ಹೇಳಿರಲಿಲ್ಲ, ನನಗೂ ಅನ್ನಿಸಿರಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನೊಬ್ಬ ಮೂರನೆಯ ದಿನವೇ ತಂದೆಗೆ ಇನ್‌ಲ್ಯಾಂಡ್ ಲೆಟರ್ ಬರೆದ. ಪಾಠ ತಲೆಗೆ ಹತ್ತುವುದಿಲ್ಲ, ಮುದ್ದೆಯಿಲ್ಲದೆ ಊಟ ಸೇರುವುದಿಲ್ಲ, ಬಂದು ಕರೆದುಕೊಂಡು ಹೋಗು ಎಂದು ಅದರಲ್ಲಿತ್ತು. ಲೆಕ್ಕದಲ್ಲಿ ಬಹಳ ಚುರುಕಾದ ಹುಡುಗ. ತಂದೆ ಬಂದು ಕರೆದೊಯ್ದರೆ ತೆಂಗಿನ ತೋಟದಲ್ಲಿಯೇ ಉಳಿದುಬಿಡುತ್ತಾನೆ, ಒಂದು ವಾರ ಕಳೆದರೆ ಹೊಂದಿಕೊಳ್ಳುತ್ತಾನೆ ಎಂದು ಎಣಿಸಿ, ಆ ಕಾಗದವನ್ನು ಹಾಜರಿ ಪುಸ್ತಕದ ಕೆಳಗೆ ಡ್ರಾಯರಿನಲ್ಲಿ ಇಟ್ಟೆ.

ಪ್ರತಿದಿನ ಅಂಚೆ ಬಂದ ಮೇಲೆ ಅವನು ಬಂದು ಕೇಳುತ್ತಿದ್ದ, "ಸಾರ್, ನಮ್ಮೂರಿಂದ ಕಾಗ್ದ ಬಂತಾ?" ಆರನೆಯ ದಿನ ನಾನು, "ಅಂಚೆ ನಿಧಾನ ಕಣೋ, ಬರುತ್ತೆ ಹೋಗು" ಎಂದೆ. ಅಷ್ಟು ಸಲೀಸಾಗಿ ಹೇಳಿದ ಸುಳ್ಳು ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಮತ್ತೊಂದಿಲ್ಲ.

ಹನ್ನೊಂದನೆಯ ರಾತ್ರಿ ಹತ್ತು ಗಂಟೆಗೆ ಟಾರ್ಚು ಹಿಡಿದು ಹಾಜರಿ ತೆಗೆದುಕೊಂಡೆ. ತಲೆಗಳನ್ನು ಎಣಿಸಿದೆ ಎಂದು ಬರೆಯಲು ಹೊರಟಿದ್ದೆ. ನಿಜ ಹೇಳಬೇಕೆಂದರೆ ಹೊದಿಕೆಗಳನ್ನು ಎಣಿಸಿದೆ. 62 ಬಂದಿತು. ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಲು ಎದ್ದ ಅಡುಗೆಯವರು ಹಿತ್ತಿಲ ಬಾಗಿಲು ತೆರೆದಿರುವುದನ್ನು ಕಂಡು ನನ್ನನ್ನು ಎಬ್ಬಿಸಿದರು. ಅವನ ಹೊದಿಕೆಯೊಳಗೆ ಟ್ರಂಕಿನ ಬಟ್ಟೆಗಳಿದ್ದವು. ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್ ಎರಡೂ ಕಡೆ ಇರಲಿಲ್ಲ. ಅಡುಗೆಯವರ ಲೂನಾದ ಹಿಂದೆ ಕುಳಿತು ಗುಬ್ಬಿ ರಸ್ತೆ ಹಿಡಿದೆ. ಎದುರಿಗೆ ಬರುತ್ತಿದ್ದ ಒಂದೊಂದು ಲಾರಿಯ ದೀಪವನ್ನೂ ನಾನು ನೋಡಿದ ರೀತಿ ಇಂದಿಗೂ ನೆನಪಿದೆ. ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ಕಳೆದ ಮೇಲೆ ಮೋರಿ ಕಟ್ಟೆಯೊಂದರ ಮೇಲೆ ಅವನು ಕುಳಿತಿದ್ದ. ಚಪ್ಪಲಿ ಕಿತ್ತುಹೋಗಿ ಕಾಲಿನಲ್ಲಿ ಬೊಬ್ಬೆಗಳೆದ್ದಿದ್ದವು. ಇನ್ನೂ ಐವತ್ತು ಕಿಲೋಮೀಟರಿನಷ್ಟು ದಾರಿ ಉಳಿದಿತ್ತು.

ಬೈಯಬೇಕೆಂದು ಇಳಿದವನಿಗೆ ಅವನೇ ಹೇಳಿದ: "ನಮ್ಮಪ್ಪ ಉತ್ರ ಬರೆಸ್ಲೇ ಇಲ್ಲ ಸಾರ್. ಏನಾರ ಆಗೈತೇನೋ ಅಂತ ನೋಡ್ಕಂಬರೋಕೆ ಹೊಂಟೆ."

ಅಂದೇ ಅವನನ್ನು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಹೋದೆ. ತಂದೆ ಎಳನೀರು ಕೊಚ್ಚಿ ಕೊಟ್ಟರು. ನಾನು ಜೇಬಿನಿಂದ ಕಾಗದ ತೆಗೆದು ಅವರ ಕೈಗಿಟ್ಟೆ. "ನಂಗೆ ಓದಕ್ಕೆ ಬರಕಿಲ್ಲ, ನೀವೇ ಓದ್ಬುಡಿ ಮೇಷ್ಟ್ರೆ" ಎಂದರು. ಹುಡುಗನ ಎದುರಿನಲ್ಲಿಯೇ ಓದಿದೆ. ಆ ಕಾಗದ ಇಷ್ಟು ದಿನ ಎಲ್ಲಿತ್ತೆಂಬುದು ಅವನಿಗೆ ಆಗ ತಿಳಿಯಿತು. ಅವನು ಏನೂ ಅನ್ನಲಿಲ್ಲ, ಎದ್ದು ದನದ ಕೊಟ್ಟಿಗೆಯ ಕಡೆಗೆ ಹೋದ. ಶಿಬಿರಕ್ಕೆ ಹಿಂದಿರುಗಲಿಲ್ಲ. ಐ.ಟಿ.ಐ. ಸೇರಿದನೆಂದು ಮುಂದೆ ಅವನೂರಿನ ಹುಡುಗನೊಬ್ಬನಿಂದ ಕೇಳಿದೆ. ಅಂದಿನಿಂದ ನಾನು ಯಾವ ಹುಡುಗನ ಕಾಗದವನ್ನೂ ಒಡೆಯಲಿಲ್ಲ. ಹಾಜರಿಯಲ್ಲಿ ಮುಖ ನೋಡದೆ ಗುರುತು ಹಾಕಲಿಲ್ಲ.

ನಮ್ಮ ಹುಡುಗಿಯೂ ಮೊದಲ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಅತ್ತಳು. ಅವಳ ತಾಯಿ ಆಗಲೇ ಕಾರು ತೆಗೆಯಲು ಸಿದ್ಧಳಾದಳು. "ಮಾವ, ನೀವೇನು ಹೇಳ್ತೀರಿ?" ಎಂದು ಅಕ್ಕನ ಮಗ ಕೇಳಿದ. "ಕರೆದುಕೊಂಡು ಬರುವುದು ಬೇಡ. ಆದರೆ ಅವಳು ಎಷ್ಟು ಸಲ ಮಾಡಿದರೂ ಫೋನ್ ತೆಗೆದುಕೋ" ಎಂದೆ. ನಾಲ್ಕನೆಯ ದಿನದಿಂದ ಅವಳ ಫೋನು ಕಡಿಮೆಯಾಯಿತು. ತಾಯಿಗೆ ಅದೇ ಕೊರಗು.

ಶಿಬಿರ ಮುಗಿದ ದಿನ ಅವಳ ಆರ್.ಎ.ಯನ್ನು ಕಂಡೆ. ಕೃಶವಾದ ಹುಡುಗಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ರಾತ್ರಿಯ ಹಾಜರಿ ಹೇಗೆ ತೆಗೆದುಕೊಳ್ಳುತ್ತೀಯಮ್ಮ ಎಂದು ನನ್ನ ಮೇಷ್ಟರ ಇಂಗ್ಲಿಷಿನಲ್ಲಿ ಕೇಳಿದೆ. ಬಾಗಿಲು ತಟ್ಟಿ ಏನಾದರೊಂದು ಪ್ರಶ್ನೆ ಕೇಳುತ್ತೇನೆ, ಒಂದೇ ಪದದ ಉತ್ತರ ಬಂದರೆ ಬಾಗಿಲು ತೆರೆದಿಟ್ಟು ಹೊಸ್ತಿಲ ಬಳಿ ಸ್ವಲ್ಪ ಹೊತ್ತು ಕೂರುತ್ತೇನೆ ಎಂದಳು. ಅಷ್ಟರಲ್ಲಿ ನಮ್ಮ ಹುಡುಗಿ "ತಾತಾ" ಎಂದು ಕೂಗುತ್ತ ಓಡಿಬಂದು ನನ್ನ ಕೈ ಹಿಡಿದಳು. ಆರ್.ಎ. ತನ್ನ ಪಟ್ಟಿಯನ್ನು ನೋಡಿದಳು. ಕರೆದೊಯ್ಯಬಹುದಾದವರ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಕ್ಷಮಿಸಿ, ಅವಳ ತಂದೆ ಬರುವವರೆಗೆ ಕಾಯಬೇಕು ಎಂದು ನಯವಾಗಿ ಹೇಳಿದಳು. ಅಕ್ಕನ ಮಗ ಕಾರು ನಿಲ್ಲಿಸಿ ಬರುವವರೆಗೆ ನಾವಿಬ್ಬರೂ ಅದೇ ಬೆಂಚಿನ ಮೇಲೆ ಕುಳಿತು ಕಾದೆವು.