ಅಕ್ಕನ ಪ್ರಶ್ನೆ

“ಇದು ನಮ್ಮ ವಂಶದಿಂದ ಬಂದಿದ್ದಾ?” ಅಂತ ಅಕ್ಕ ಫೋನಿನಲ್ಲಿ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಅವಳ ಏಳು ವರ್ಷದ ಮಗಳ ಎಡಗೈ ಗಂಟೆಗಟ್ಟಲೆ ಅದುರುತ್ತಿತ್ತು. ಡಾಕ್ಟರು ಹೇಳಿದ ಹೆಸರು ರಾಸ್ಮುಸೆನ್ ಎನ್ಸೆಫಲೈಟಿಸ್. ಮಾಂಟ್ರಿಯಲ್‌ನ ಥಿಯೋಡೋರ್ ರಾಸ್ಮುಸೆನ್ ಮತ್ತು ಸಂಗಡಿಗರು 1958ರಲ್ಲಿ ವಿವರಿಸಿದ ಅಪರೂಪದ ಕಾಯಿಲೆ. ಸಾಮಾನ್ಯವಾಗಿ ಮೆದುಳಿನ ಒಂದೇ ಅರ್ಧಕ್ಕೆ ಉರಿಯೂತ. ಫಿಟ್ಸ್ ಮಾತ್ರೆಗಳಿಗೆ ಬಗ್ಗುವುದಿಲ್ಲ. ಕೊನೆಗೆ ಆ ಅರ್ಧದ ಸಂಪರ್ಕವನ್ನೇ ಕಡಿಯುವ ಆಪರೇಷನ್ನು...

ಅವತ್ತು ರಾತ್ರಿಯೆಲ್ಲಾ ಓದುತ್ತಾ ಕೂತೆ. 2013ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರ ಲೇಖನವೊಂದು ಸಿಕ್ಕಿತು. ಇಂಥ ಮಕ್ಕಳ ಆಪರೇಷನ್ನಿನಲ್ಲಿ ತೆಗೆದ ಮೆದುಳಿನ ತುಣುಕುಗಳಲ್ಲಿ ಯಾವ ಜೀನು ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅಂತ ಅಳೆದಿದ್ದರು. ಮೆದುಳಿನ ಹೊರಪದರ ಸರಿಯಾಗಿ ರೂಪುಗೊಳ್ಳದೆ ಫಿಟ್ಸ್ ಬರುವ ಬೇರೆ ಮಕ್ಕಳ ತುಣುಕುಗಳಿಗೆ ಹೋಲಿಸಿದರೆ, ಇಲ್ಲಿ ಇಂಟರ್‌ಫೆರಾನ್ ಗಾಮಾ ಜೀನು, ಟಿ ಕೋಶಗಳನ್ನು ಕೂಗಿ ಕರೆಯುವ ಕೀಮೋಕೈನ್ ಜೀನುಗಳು ತುಂಬಾ ಚುರುಕಾಗಿದ್ದವು. ಹಾಗೆ ಬಂದ ಟಿ ಕೋಶಗಳೇ ನರಕೋಶಗಳನ್ನು ಕೊಲ್ಲುವುದು.

ಬೆಳಿಗ್ಗೆ ಅಕ್ಕನಿಗೆ ಹೇಳಿದೆ. “ಈ ಜೀನುಗಳು ನಿನ್ನಲ್ಲೂ ಇವೆ, ನನ್ನಲ್ಲೂ ಇವೆ. ವೈರಸ್ ಬಂದಾಗ ನಮ್ಮನ್ನು ಕಾಯೋದು ಇವೇ. ಒಲೆ ಎಲ್ಲರ ಮನೇಲೂ ಇದೆ ಅಲ್ವಾ? ಇಲ್ಲಿ ಉರಿ ಏರಿಬಿಟ್ಟಿದೆ, ಅಷ್ಟೇ. ಮೊದಲ ಕಿಡಿ ಯಾವುದು ಅನ್ನೋದು ವಿಜ್ಞಾನಿಗಳಿಗೇ ಇನ್ನೂ ಒಗಟು. ಆದ್ರೆ ತಾಯಿಯಿಂದ ಮಗುವಿಗೆ ಇಳಿದು ಬರೋ ಕಾಯಿಲೆ ಅಲ್ಲ ಇದು.”

ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅವಳೇ ಡಾಕ್ಟರನ್ನು ಕೇಳಿದಳಂತೆ: “ತೆಗೆಯೋ ತುಣುಕು ಯಾರಿಗಾದ್ರೂ ಓದೋಕೆ ಬೇಕಾದ್ರೆ ಇಟ್ಕೊಳ್ತೀರಾ?”